ಹತ್ತು ಅಡಿಕೆಯ ಲೆಕ್ಕ

ಐವತ್ತು ಜನಕ್ಕೆ ಗೋಳಿಬಜೆ ಹೇಳಿದ್ದೆ. ಬಂದವರು ನಾಲ್ಕು ಜನ. ಅವರಲ್ಲೊಬ್ಬರು ಮಳೆ ಜೋರಾಯಿತೆಂದು ಒಳಗೆ ಬಂದವರು, ಮಳೆ ಬಿಟ್ಟ ಕೂಡಲೇ ಎರಡು ಬಜೆ ಕಾಗದದಲ್ಲಿ ಸುತ್ತಿಕೊಂಡು ಹೊರಟರು. ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯ ಆ ಮಹಡಿ ಕೋಣೆಯಲ್ಲಿ ಬಾಡಿಗೆಗೆ ತಂದ ಕುರ್ಚಿಗಳ ಎದುರು ನಿಂತು ಮಲಗಿದ ರೋಗಿಗಳನ್ನು ಮನೆಗೇ ಹೋಗಿ ನೋಡಿಕೊಳ್ಳುವ ಘಟಕವೊಂದನ್ನು ಊರಿನಲ್ಲಿ ಕಟ್ಟೋಣ ಎಂದು ನಾನು ಬರೆದುಕೊಂಡು ಹೋಗಿದ್ದ ಭಾಷಣವನ್ನು ಪೂರ್ತಿ ಓದಿದೆ. ಈಗ ನೆನೆದರೆ ನಗು ಬರುತ್ತದೆ. ಅವತ್ತು ಬಂದಿರಲಿಲ್ಲ.

ಅದು 2022ರ ಮಳೆಗಾಲ. ಅದಕ್ಕೆ ಎರಡು ವರ್ಷ ಮೊದಲು ನಮ್ಮ ಯಜಮಾನರು ಹೋಗಿದ್ದರು. ಕ್ಯಾನ್ಸರ್. ಚಿಕಿತ್ಸೆ ಮಂಗಳೂರಿನಲ್ಲಿ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆಗೆ ಮಂಗಳೂರೇ ಅಲ್ವಾ? ಆದರೆ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. 1956ರಲ್ಲಿ ನಾವು ಕೇರಳಕ್ಕೆ ಸೇರಿದ್ದು ಪಾಠಪುಸ್ತಕದಲ್ಲಿ ಓದಿ ಗೊತ್ತಿತ್ತು. ಗಡಿ ಅಂದರೆ ಏನೆಂದು ಗೊತ್ತಾದದ್ದು ಆಗ. ಕೊನೆಯ ಆರು ವಾರ ಅವರನ್ನು ಮನೆಯಲ್ಲೇ ನೋಡಿಕೊಂಡೆ. ಕಾಸರಗೋಡಿನ ಒಂದು ಪಾಲಿಯೇಟಿವ್ ಸಂಘದ, ಅಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ ನೋಡಿಕೊಳ್ಳುವವರ, ಜೀಪು ಪಾಸ್ ಮಾಡಿಸಿಕೊಂಡು ಎರಡು ಸಲ ಬಂತು. ಅವರು ಕೊಟ್ಟ ಮಾತ್ರೆಯಿಂದ ಯಜಮಾನರು ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದರು. ಆ ಒಂದು ರಾತ್ರಿಯ ಋಣ ನನ್ನ ಮೇಲಿದೆ ಎಂದು ಇಟ್ಟುಕೊಳ್ಳಿ.

ಶಾಲೆಯಿಂದ ರಿಟೈರ್ ಆದ ಮೇಲೆ ಆ ಸಂಘದ ಕಾರ್ಯದರ್ಶಿಯನ್ನು ಹುಡುಕಿಕೊಂಡು ಹೋದೆ. ನಮ್ಮ ಎಣ್ಮಕಜೆ ಕಡೆಗೂ ಒಂದು ಘಟಕ ಮಾಡಿ ಅಂದೆ. "ನಾವು ಮಾಡುವುದಲ್ಲ ಟೀಚರೇ, ಊರಿನವರೇ ಮಾಡಬೇಕು" ಅಂದರು. ಕೇರಳದಲ್ಲಿ ಈ ಕೆಲಸ ಬೆಳೆದದ್ದೇ ಹಾಗೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ಡಾಕ್ಟರುಗಳು ಸೇರಿ ಶುರು ಮಾಡಿದ್ದು. ಆಮೇಲೆ ಅಂಗಡಿಯವರು, ಮಾಷ್ಟ್ರುಗಳು, ಆಟೋದವರು ತರಬೇತಿ ಪಡೆದು ತಮ್ಮ ತಮ್ಮ ಊರಿನಲ್ಲಿ ನಡೆಸಿಕೊಂಡು ಬಂದರು. 2008ರಲ್ಲಿ ಸರಕಾರವೂ ಇದಕ್ಕೊಂದು ನೀತಿ ಮಾಡಿತು. ಈಗ ಪಂಚಾಯತಿನ ಲೆಕ್ಕದಲ್ಲೂ ನರ್ಸ್ ಮನೆಗೆ ಬರುತ್ತಾರೆ. ಆದರೆ ನಮ್ಮಲ್ಲಿ ಒಂದು ಗುಡ್ಡ ಹತ್ತಿ ಇಳಿದರೆ ಒಂದು ಮನೆ. ಒಬ್ಬರು ಎಷ್ಟೂಂತ ಸುತ್ತುವುದು?

ಮೀಟಿಂಗಿಗೆ ಜನ ಯಾಕೆ ಬರಲಿಲ್ಲ ಎಂದು ತಿಳಿದದ್ದು ಅಂಗಡಿ ಕಾಕನಿಂದ. ನೋಟೀಸಿನಲ್ಲಿ ದಪ್ಪ ಅಕ್ಷರದಲ್ಲಿ 'ಸಾಂತ್ವನ ಚಿಕಿತ್ಸಾ ಘಟಕ' ಎಂದು ಹಾಕಿಸಿದ್ದೆ. ಮಲಯಾಳದಲ್ಲಿ ಹಾಗೇ ಹೇಳುವುದು, ಅದನ್ನೇ ಎತ್ತಿ ಇಟ್ಟಿದ್ದೆ. ಕಾಕ ಕನ್ನಡಕ ಮೇಲೆ ಮಾಡಿ ಕೇಳಿದರು, "ಸಾಂತ್ವನ ಅಂದ್ರೆ ಸತ್ತ ಮನೆಗೆ ಹೋಗಿ ಹೇಳೋದಲ್ವಾ ಟೀಚರೇ? ಹುಷಾರಿಲ್ಲದವರ ಮನೆಯವರು ಇದನ್ನು ಓದಿ ಬರ್ತಾರಾ?"

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಅಂಗಡಿಯಿಂದ ಸೀದಾ ಮನೆಗೆ ಬಂದು ಉಳಿದ ನೋಟೀಸನ್ನೆಲ್ಲ ಬಚ್ಚಲೊಲೆಗೆ ಹಾಕಿದೆ.

ಆಮೇಲೆ ನೋಟೀಸೂ ಇಲ್ಲ, ಮೀಟಿಂಗೂ ಇಲ್ಲ. ನಡೆದೆ. ನನ್ನ ಹತ್ತಿರ ಇದ್ದ ಆಸ್ತಿ ಒಂದೇ, ಹಳೆಯ ಹಾಜರಿ ಪುಸ್ತಕ. ಯಾವ ಮನೆಗೆ ಹೋದರೂ ಒಬ್ಬನಾದರೂ ನನ್ನಿಂದ ಕಿವಿ ಹಿಂಡಿಸಿಕೊಂಡವನು ಇರುತ್ತಿದ್ದ. ಅವರಲ್ಲೊಬ್ಬ ಜೀಪು ಓಡಿಸುತ್ತಾನೆ. "ಶನಿವಾರ ಡೀಸೆಲ್ ಹಾಕಿಸಿ, ಬಾಡಿಗೆ ಬೇಡ" ಅಂದ. ಅವನಿಗೆ ನಾನು ಗಣಿತದಲ್ಲಿ ಪಾಸ್ ಕೊಟ್ಟದ್ದು ಸ್ವಲ್ಪ ಧಾರಾಳವಾಗಿಯೇ. ಕಾಕನ ಅಂಗಡಿಯಲ್ಲೂ ಹಾಲಿನ ಸೊಸೈಟಿಯಲ್ಲೂ ಡಬ್ಬಿ ಇಟ್ಟೆವು. ತಿಂಗಳಿಗೆ ಹತ್ತು ರೂಪಾಯಿ ಕೊಡುವ ಮನೆಗಳ ಪಟ್ಟಿ ಬರೆದೆವು. ದುಡ್ಡಿನ ಕಥೆ ಇಷ್ಟೇ, ಅದು ಹೇಗೋ ಆಗುತ್ತದೆ.

ಕಷ್ಟವಾದದ್ದು ರೋಗಿ ಇರುವ ಮನೆಯ ಒಳಕೋಣೆಗೆ ಹೋಗುವುದು. ಪಡ್ರೆ ಕಡೆಯ ಒಂದು ಮನೆಯಲ್ಲಿ ಹುಡುಗನೊಬ್ಬ ಬಾಗಿಲಲ್ಲೇ ಕೇಳಿದ, "ನೀವೂ ಫೋಟೊ ತೆಗೀಲಿಕ್ಕಾ?" ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ಅದು. 2000ದಲ್ಲಿ ಅದು ನಿಂತ ಮೇಲೂ ಎಷ್ಟು ಸರ್ವೆ, ಎಷ್ಟು ಕ್ಯಾಮೆರಾ ಬಂದವೋ. ಬಂದವರು ಬರೆದುಕೊಂಡು ಹೋದರು. ನಾನು ಚೀಲ ತೆರೆದು ತೋರಿಸಿದೆ. ಒಳಗೆ ನೀರಿನ ಬಾಟಲಿ, ಕೊಡೆ, ಬಿ.ಪಿ. ಮಾತ್ರೆ. ಅಷ್ಟೇ.

ಅದೇ ದಾರಿಯಲ್ಲಿ ಮುಂದೆ, ತೋಟದಾಚೆ ಒಬ್ಬರು ಅಜ್ಜಿ ಇದ್ದರು. ಕ್ಯಾನ್ಸರ್ ಬೆನ್ನೆಲುಬಿಗೆ ಹತ್ತಿತ್ತು. ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಸೊಸೆ ಜಗಲಿಯಲ್ಲೇ ಕೂರಿಸಿ ಮಜ್ಜಿಗೆ ಕೊಡುತ್ತಿದ್ದಳು. "ಅತ್ತೆ ಮಲಗಿದ್ದಾರೆ" ಅನ್ನುತ್ತಿದ್ದಳು. ನಾಲ್ಕು ಸಲ ಹೋದೆ. ನಾಲ್ಕು ಸಲವೂ ಕೊಳೆರೋಗ, ಅಡಿಕೆ ರೇಟು, ಬೋರ್ಡೋ ಮದ್ದು ಹೊಡೆಯಲು ಸಿಗದ ಆಳುಗಳ ಮಾತಾಡಿ ಬಂದೆ. ಐದನೇ ಸಲ ಲೋಟ ಕೈಗೆ ಕೊಟ್ಟವಳು ಹಾಗೇ ನಿಂತಳು. "ಟೀಚರ್, ನಿಮ್ಮ ಯಜಮಾನರು ಕೂಡ ರಾತ್ರಿ ಹೀಗೆ ಕಿರುಚ್ತಿದ್ರಾ?"

ಹೌದು ಅಂದೆ. ಆಮೇಲೆ ಒಳಗೆ ಕರೆದಳು.

2023ರ ಜನವರಿ 15ಕ್ಕೆ, ಕೇರಳದಲ್ಲಿ ಪಾಲಿಯೇಟಿವ್ ದಿನ ಆಚರಿಸುವ ದಿವಸವೇ, ನಮ್ಮ ಜೀಪು ಮೊದಲ ಸಲ ಹೊರಟಿತು. ಕಾಸರಗೋಡಿನಿಂದ ಡಾಕ್ಟರೂ ಒಬ್ಬರು ಸಿಸ್ಟರೂ ಬಂದಿದ್ದರು. ಸಿಸ್ಟರ್ ತೆಂಕಿನ ಕಡೆಯವರು, ಮಲಯಾಳ ಬಿಟ್ಟರೆ ಬೇರೆ ಬಾರದು. ಅಜ್ಜಿಗೆ ತುಳು ಬಿಟ್ಟರೆ ಬೇರೆ ಬಾರದು. ನಡುವೆ ನಾನು.

"ವೇದನ ಉಂಡೋ?" ಸಿಸ್ಟರ್ ಕೇಳಿದರು, ನೋವು ಉಂಟಾ ಎಂದು.

"ಬೇನೆ ಉಂಡಾ ಅಜ್ಜಿ?" ನಾನು.

"ಇಜ್ಜಿ" ಅಂದರು ಅಜ್ಜಿ. ಇಲ್ಲವಂತೆ.

ಸಿಸ್ಟರ್ ಫಾರ್ಮಿನಲ್ಲಿ ಬರೆಯಲು ಪೆನ್ನು ತೆರೆದರು. ನಾನು ಅಜ್ಜಿಯ ಕೈ ನೋಡಿದೆ. ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. "ಮತ್ತೆ ರಾತ್ರಿ ಕಿರುಚುವುದು ಯಾಕೆ?" ಎಂದೆ. ಅಜ್ಜಿಗೆ ಸಿಟ್ಟು ಬಂತು. "ಅವು ಬೇನೆ ಅತ್ತ್ ಮಗಾ, ಉರಿ!" ಅದು ಬೇನೆಯಲ್ಲ, ಉರಿಯಂತೆ. ಸೊಂಟದಿಂದ ಕಾಲಿನವರೆಗೆ ಕೆಂಡ ಎಳೆದ ಹಾಗೆ, ಎಂದು ಕೈಯಲ್ಲಿ ಎಳೆದು ತೋರಿಸಿದರು. ಅವರ ಲೆಕ್ಕದಲ್ಲಿ ಬೇನೆ ಎಂದರೆ ಹೆರಿಗೆಯದ್ದು, ಹಲ್ಲಿನದ್ದು. ಇದು ಬೇರೆ.

ಡಾಕ್ಟರ್ ಎದ್ದು ಹತ್ತಿರ ಬಂದರು. ಉರಿಯುವ ನೋವು ನರದ್ದು, ಅದಕ್ಕೆ ಮಾರ್ಫಿನ್ ಒಂದೇ ಸಾಲದು, ನರಕ್ಕೆ ಬೇರೆ ಮಾತ್ರೆ ಕೂಡಿಸಬೇಕು ಎಂದು ವಿವರಿಸಿದರು. ಮಾರ್ಫಿನ್ ಹೆಸರು ಕೇಳಿ ಸೊಸೆ ಹೆದರಿದಳು. ಅದು ಚಟ ಹಿಡಿಸುವುದಲ್ವಾ? ನೋವು ನೋಡಿ, ಅಳೆದು ಕೊಟ್ಟರೆ ಹೆದರಬೇಕಾಗಿಲ್ಲ, ಮಲಬದ್ಧತೆ ಮಾತ್ರ ಆಗುತ್ತದೆ, ಅದಕ್ಕೂ ಮಾತ್ರೆ ಕೊಡುತ್ತೇವೆ ಎಂದು ಡಾಕ್ಟರ್ ಹೇಳಿದರು. ಯಜಮಾನರಿಗೂ ಅದನ್ನೇ ಕೊಟ್ಟಿದ್ದರು ಎಂದು ನಾನು ಸೇರಿಸಿದೆ. ಅವಳು ಒಪ್ಪಿದ್ದು ಡಾಕ್ಟರ ಮಾತಿಗೋ ನನ್ನ ಮಾತಿಗೋ ಗೊತ್ತಿಲ್ಲ.

ಇನ್ನು ನೋವಿನ ಅಳತೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಸಿಸ್ಟರ್ ಕೇಳಬೇಕು. ಅಜ್ಜಿಗೆ ಅದೆಂಥ ಪ್ರಶ್ನೆ ಎಂದೇ ತಿಳಿಯಲಿಲ್ಲ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದರು. ಹತ್ತು ಹೆಕ್ಕಿ ತಂದು ಚಾಪೆಯ ಮೇಲಿಟ್ಟೆ. ಹತ್ತೂ ಎಂದರೆ ತಡೆಯಲಾರದ ಉರಿ, ಒಂದೂ ಇಲ್ಲ ಎಂದರೆ ಸುಖ. ನಿಮ್ಮದೆಷ್ಟು? ಅಜ್ಜಿ ಏಳು ಎಣಿಸಿ ಈಚೆ ಎಳೆದರು. ಸ್ವಲ್ಪ ಯೋಚಿಸಿ ಇನ್ನೊಂದು ಎಳೆದರು.

ಮುಂದಿನ ಶನಿವಾರ ಹೋದಾಗ ಜಗಲಿಯಲ್ಲಿ ನಿಲ್ಲಿಸಲಿಲ್ಲ. ಅಜ್ಜಿ ದಿಂಬಿಗೆ ಒರಗಿ ಕೂತಿದ್ದರು. ಹತ್ತು ಅಡಿಕೆ ಆಗಲೇ ಚಾಪೆಯ ಮೇಲಿತ್ತು. ಮೂರನ್ನು ಈಚೆ ಎಳೆದರು. ಸಿಸ್ಟರ್ ತಡವರಿಸುತ್ತ "ಉರಿ ಉಂಡಾ?" ಎಂದು ತುಳುವಿನಲ್ಲೇ ಕೇಳಿದರು. ಬರುವಾಗ ಜೀಪು ಓಡಿಸುವ ನನ್ನ ಹಳೆಯ ಹುಡುಗನಿಂದ ಕಲಿತದ್ದಂತೆ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು.

ನಾವು ಏಳುವ ಹೊತ್ತಿಗೆ ಸೊಸೆ ಸೀರೆ ಬದಲಾಯಿಸಿ ಬಂದಿದ್ದಳು. ಗುಡ್ಡದಾಚೆ ಅವಳ ತವರಿನ ಹತ್ತಿರ ಲಕ್ವ ಹೊಡೆದು ಮಲಗಿದ ಒಬ್ಬರಿದ್ದಾರಂತೆ. ಬೆನ್ನೆಲ್ಲ ಹುಣ್ಣಂತೆ. "ನೀವೇ ಹೋದ್ರೆ ಬಾಗಿಲು ತೆಗೆಯೋದಿಲ್ಲ ಟೀಚರ್, ನಾನು ಬರ್ತೇನೆ" ಎಂದು ಜೀಪಿನ ಮುಂದಿನ ಸೀಟಿಗೆ ಹತ್ತಿದಳು. ನಾನು ಹಿಂದೆ ಹೋಗಿ ಏರ್ ಬೆಡ್ಡಿನ ಪೆಟ್ಟಿಗೆಯ ಪಕ್ಕ ಕೂತೆ.