ಗೀಜರಿನ ಸುಣ್ಣ, ರೇಡಿಯೇಟರಿನ ನೀರು

ಶಹಾಬಾದಿನ ನಮ್ಮ ಮನೆಯ ಗೀಜರ್ ಎರಡು ವರ್ಷಕ್ಕೊಮ್ಮೆ ಮುಷ್ಕರ ಹೂಡುತ್ತದೆ. ಬಿಚ್ಚಿ ನೋಡಿದರೆ ಪ್ರತಿ ಸಲವೂ ಅದೇ ದೃಶ್ಯ: ಕಾಯಿಲಿನ ಸುತ್ತ ಬೆರಳು ದಪ್ಪದ ಬಿಳಿಯ ಸುಣ್ಣ ಕಟ್ಟಿಕೊಂಡಿರುತ್ತದೆ, ಅದನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಕುಟ್ಟಿ ಉದುರಿಸಬೇಕಾಗುತ್ತದೆ. ನಮ್ಮೂರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಕಾಲ ಕೆಳಗೆ ಇರುವುದೇ ಸುಣ್ಣಕಲ್ಲು. ಅಂಗಳಕ್ಕೆ ಹಾಸುವ ಪರಸಿಯೂ ವಾಡಿ, ಸೇಡಂ ಕಡೆಯ ಸಿಮೆಂಟೂ ಆ ಕಲ್ಲಿನಿಂದಲೇ ಬರುವಾಗ, ಅದರ ಸಂದುಗಳಲ್ಲಿ ಇಳಿದು ಬೋರ್‌ವೆಲ್ಲಿಗೆ ಸೇರುವ ನೀರು ಸುಣ್ಣವನ್ನು ಕರಗಿಸಿಕೊಳ್ಳದೆ ಇರುವುದು ಸಾಧ್ಯವಿಲ್ಲ. ಆಶ್ಚರ್ಯಪಡಬೇಕಾದ ಸಂಗತಿ ಬೇರೆಯೇ ಇತ್ತು. ಗೀಜರಿನ ಗತಿ ಏನಾಗುತ್ತದೆ ಎಂದು ಇಷ್ಟು ಚೆನ್ನಾಗಿ ಬಲ್ಲ ನಾನು, ಅದೇ ನೀರನ್ನು ಆರು ವರ್ಷಗಳ ಕಾಲ ನನ್ನ ಕಾರಿನ ರೇಡಿಯೇಟರಿಗೆ ತಂಬಿಗೆಯಲ್ಲಿ ಸುರಿಯುತ್ತಾ ಬಂದಿದ್ದೆ.

ಅದು ತಿಳಿದದ್ದು ಒಂದು ಮೇ ತಿಂಗಳ ಮಧ್ಯಾಹ್ನ, ತಂದೆಯವರನ್ನು ಕರೆದುಕೊಂಡು ಕಲಬುರಗಿಯಿಂದ ಜೇವರ್ಗಿಯ ಕಡೆಗೆ ಹೊರಟಾಗ. ಭೀಮಾ ನದಿಯ ಸೇತುವೆ ದಾಟುವಷ್ಟರಲ್ಲಿ ತಾಪಮಾನದ ಮುಳ್ಳು ಎಂದಿನ ನಡುಮಧ್ಯದ ಜಾಗ ಬಿಟ್ಟು ಕೆಂಪು ಗೆರೆಯ ಕಡೆಗೆ ಏರತೊಡಗಿತ್ತು. ನಾನು ಎಸಿ ಆರಿಸಿ, ಕಿಟಕಿಗಳನ್ನು ಇಳಿಸಿ, ಹೀಟರನ್ನು ಪೂರ್ತಿ ತಿರುವಿದೆ. ಹೊರಗೆ 43 ಡಿಗ್ರಿ ಬಿಸಿಲಿರುವಾಗ ಮಗಳು ಕಾರಿನೊಳಗೆ ಹೀಟರ್ ಹಾಕಿದ್ದನ್ನು ಕಂಡು ತಂದೆಯವರು ನನ್ನ ಮುಖವನ್ನೇ ನೋಡಿದರು. ಆದರೆ ಹೀಟರ್ ಎಂಬುದು ಡ್ಯಾಶ್‌ಬೋರ್ಡಿನ ಹಿಂದೆ ಕುಳಿತಿರುವ ಇನ್ನೊಂದು ಪುಟ್ಟ ರೇಡಿಯೇಟರೇ. ಅದನ್ನು ತೆರೆದರೆ ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲು ನಮ್ಮ ಮೈಮೇಲೆ ಬಂದು ಬೀಳುತ್ತದೆ, ಅಷ್ಟರ ಮಟ್ಟಿಗೆ ಎಂಜಿನ್ ಉಳಿಯುತ್ತದೆ. ಬೇವಿನ ಮರವೊಂದರ ನೆರಳು ಸಿಗುವವರೆಗೆ ಹಾಗೆಯೇ ಹೋಗಿ ನಿಲ್ಲಿಸಿದೆವು. ತಂದೆಯವರು ಕೂಡಲೇ ಇಳಿದು ರೇಡಿಯೇಟರಿನ ಮುಚ್ಚಳದ ಮೇಲೆ ಬಟ್ಟೆ ಹಾಕಿ ತಿರುವಲು ಹೊರಟಾಗ ನಾನು ಅವರ ಕೈಯನ್ನು ಹಿಡಿದೆಳೆಯಬೇಕಾಯಿತು. ಆ ಮುಚ್ಚಳದ ಒಳಗಿನ ಸ್ಪ್ರಿಂಗ್ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡವನ್ನು ತಡೆದು ಹಿಡಿದಿರುತ್ತದೆ, ಆ ಒತ್ತಡದಲ್ಲಿ ನೀರು 120 ಡಿಗ್ರಿಯ ಸುಮಾರಿನವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣದಲ್ಲಿ ಒತ್ತಡ ಇಳಿದು, ಒಳಗಿದ್ದುದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಬಾನೆಟ್ ತೆರೆದಿಟ್ಟು ಮುಕ್ಕಾಲು ಗಂಟೆ ಕಾದೆವು.

ಮರುದಿನ ಗ್ಯಾರೇಜಿನ ಚಾಚಾ ಕೆಳಗಿನ ಹೋಸ್ ಬಿಚ್ಚಿದಾಗ ಬಂದದ್ದು ನೀರಲ್ಲ, ಚಹಾದ ಬಣ್ಣದ ರಾಡಿ. ಅದರಲ್ಲಿ ತುಕ್ಕೂ ಇತ್ತು, ಬಿಳಿಯ ಹಕ್ಕಳೆಗಳೂ ಇದ್ದವು. ಅವರು ಒಂದು ಹಕ್ಕಳೆಯನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿದರು. “ಬೋರಿನ ನೀರ ಹಾಕೀಯೇನ್ ತಂಗಿ? ಮನ್ಯಾಗಿನ ಗೀಜರ್ ಬಿಚ್ಚಿ ನೋಡೀಯಿಲ್ಲ? ಅದೇ ಸುಣ್ಣ ಇದರಾಗೂ ಕೂಡ್ತದ.” ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ನನಗೆ, ಎದುರಿಗಿದ್ದ ಎರಡು ಅಂಕಿಗಳನ್ನು ಕೂಡಿಸಲು ಬಾರದವಳಂತೆ ಅನ್ನಿಸಿದ್ದು ಆಗ.

ಅಂದಿನಿಂದ ಕೂಲಂಟಿನ, ಅಂದರೆ ಎಂಜಿನ್ ತಣಿಸುವ ದ್ರವದ, ಕೆಲಸವನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ. ಇದಕ್ಕೆ ಬೇಕಾಗುವುದು ಒಂದು ಅಗಲ ಬಾಯಿಯ ಬೋಗುಣಿ, ಇಕ್ಕಳ, ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರಿನ ಕ್ಯಾನಿನಲ್ಲಿ ದೊರೆಯುವ ಡಿಸ್ಟಿಲ್ಡ್ ವಾಟರ್, ಮತ್ತು ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲಂಟ್. ರಾತ್ರಿಯಿಡೀ ತಣಿದ ಎಂಜಿನ್ನಿನ ಮೇಲೆ ಮಾತ್ರ ಕೈಹಾಕಬೇಕು. ಹೀಟರಿನ ಗುಂಡಿಯನ್ನು ಬಿಸಿಯ ಕಡೆಗೆ ತಿರುಗಿಸಿಟ್ಟು, ಕೆಳಗಿನ ತಿರುಪನ್ನು, ಅದು ಇಲ್ಲದಿದ್ದರೆ ಕೆಳಗಿನ ಹೋಸನ್ನು ಬಿಚ್ಚಿ ಹಳೆಯದನ್ನೆಲ್ಲ ಬೋಗುಣಿಗೆ ಇಳಿಸಬೇಕು. ಬಳಿಕ ಡಿಸ್ಟಿಲ್ಡ್ ವಾಟರ್ ತುಂಬಿ, ಫ್ಯಾನ್ ತಾನಾಗಿ ತಿರುಗುವವರೆಗೆ ಎಂಜಿನ್ ಓಡಿಸಿ, ಪೂರ್ತಿ ತಣಿಯಲು ಬಿಟ್ಟು ಮತ್ತೆ ಇಳಿಸಬೇಕು. ಓಡಿಸುವುದು ಏಕೆಂದರೆ, ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲಾದ ಥರ್ಮೋಸ್ಟಾಟ್ ಸಾಮಾನ್ಯವಾಗಿ 80 ಡಿಗ್ರಿ ದಾಟಿದ ಮೇಲೆಯೇ ತೆರೆಯುತ್ತದೆ; ತಣ್ಣಗಿರುವಾಗ ಎಷ್ಟು ನೀರು ಹೊಯ್ದರೂ ಎಂಜಿನ್ನಿನ ಒಳಗಿನ ಕೊಳೆ ಇದ್ದಲ್ಲಿಯೇ ಇರುತ್ತದೆ. ನನ್ನ ಕಾರಿಗೆ ಇದನ್ನು ನಾಲ್ಕು ಸಲ ಮಾಡಿದ ಮೇಲೆ ನೀರು ತಿಳಿಯಾಗಿ ಬಂದಿತು.

ಆಮೇಲೆ ತುಂಬುವ ಕೂಲಂಟಿನ ಡಬ್ಬಿಯನ್ನು ಓದಿಕೊಳ್ಳುವುದು ಅಗತ್ಯ. ಕೆಲವು ನೇರವಾಗಿ ಹಾಕುವಂಥವು, ಕೆಲವಕ್ಕೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಬೇಕಾಗುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಕೂಲಂಟ್ ಏಕೆ ಎಂದು ಕೇಳುವವರಿದ್ದಾರೆ, ನಾನೂ ಹಾಗೆಯೇ ವಾದಿಸುತ್ತಿದ್ದೆ. ಅದು ಹೆಪ್ಪುಗಟ್ಟುವುದನ್ನು ತಡೆಯುವುದಷ್ಟೇ ಅಲ್ಲ, ಕುದಿಯುವ ಮಟ್ಟವನ್ನೂ ಮೇಲಕ್ಕೆ ಏರಿಸುತ್ತದೆ, ಅದರಲ್ಲಿ ಬೆರೆತಿರುವ ರಾಸಾಯನಿಕಗಳು ಅಲ್ಯೂಮಿನಿಯಂ ಮತ್ತು ಕಬ್ಬಿಣ ಸವೆಯದಂತೆ ಕಾಯುತ್ತವೆ. ಹಸಿರು, ಗುಲಾಬಿ ಎಂದು ಸಿಕ್ಕಿದ್ದನ್ನೆಲ್ಲ ಬೆರೆಸಿದರೆ ಕೆಲವು ಬಗೆಗಳು ಒಂದಕ್ಕೊಂದು ಹೊಂದದೆ ಲೋಳೆಯಾಗಿ ಕೊಳವೆಗಳನ್ನು ಕಟ್ಟಿಬಿಡುವುದುಂಟು. ಇಳಿಸಿದ ಹಳೆಯ ಕೂಲಂಟನ್ನು ಬೋಗುಣಿಯಲ್ಲಿ ತೆರೆದಿಟ್ಟು ಒಳಗೆ ಹೋಗಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಓಣಿಯ ನಾಯಿ ನೆಕ್ಕಿದರೆ ಉಳಿಯುವುದು ಕಷ್ಟ.

ಒಳಗಿನ ನೀರು ಸರಿಯಾದ ಮೇಲೂ ಸುಗ್ಗಿಯ ಹೊತ್ತಿಗೆ ಮುಳ್ಳು ಮತ್ತೆ ಸ್ವಲ್ಪ ಮೇಲೆ ನಿಲ್ಲತೊಡಗಿತು. ಈ ಸಲ ಕಾರಣ ಹೊರಗಿತ್ತು. ಕಲಬುರಗಿಗೆ ದಿನವೂ ಹೋಗಿಬರುವ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಹೋಗುವುದು ನನ್ನ ಪಾಲಿಗೆ ಬಂದದ್ದು, ಡಿಸೆಂಬರ್ ಜನವರಿಯಲ್ಲಿ ತೊಗರಿ ರಾಶಿಯ ಹೊಟ್ಟೂ ಅದಕ್ಕೆ ಸೇರುತ್ತದೆ. ಬಂಪರಿನ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದಾಗ, ಮುಂದಿರುವ ಎಸಿ ಕಂಡೆನ್ಸರಿಗೂ ಹಿಂದಿರುವ ರೇಡಿಯೇಟರಿಗೂ ನಡುವೆ ಹೊಟ್ಟು, ಧೂಳು, ಸತ್ತ ಹುಳಗಳೆಲ್ಲ ಸೇರಿ ಕಂಬಳಿಯಂತೆ ಹಾಸಿಕೊಂಡಿದ್ದವು. ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ, ತೋಟಕ್ಕೆ ಬಿಡುವ ಪೈಪಿನ ನೀರನ್ನು ಎಂಜಿನ್ ಕಡೆಯಿಂದ ಹೊರಮುಖವಾಗಿ ಬಿಟ್ಟರೆ ಸಾಕು. ವಾಷಿಂಗ್ ಸೆಂಟರಿನ ಜೋರು ನೀರಿಗೆ ಆ ಕಾಗದದಂಥ ತಗಡಿನ ಎಸಳುಗಳು ಮಡಚಿಕೊಂಡು, ಗಾಳಿಯ ದಾರಿ ಮೊದಲಿಗಿಂತಲೂ ಹೆಚ್ಚಾಗಿ ಮುಚ್ಚಿಹೋಗುತ್ತದೆ.

ಕಾರಿನ ಕೈಪಿಡಿಯನ್ನು ಇಷ್ಟೆಲ್ಲ ಆದ ಮೇಲೆ ಮೊದಲ ಬಾರಿಗೆ ಕೊನೆಯವರೆಗೂ ಓದಿದೆ. ಸರ್ವೀಸಿನ ಪಟ್ಟಿಯ ನಂತರ, ಯಾರೂ ತಿರುವದ ಪುಟದಲ್ಲಿ, ಧೂಳಿನ ರಸ್ತೆ, ವಿಪರೀತ ಸೆಕೆ, ಚಿಕ್ಕ ಚಿಕ್ಕ ಪ್ರಯಾಣ ಇವುಗಳಿಗೆಂದೇ ಕಠಿಣ ಬಳಕೆಯ ಇನ್ನೊಂದು ಪಟ್ಟಿ ಇದೆ. ಅದನ್ನು ಬರೆದವರು ನಮ್ಮ ಜಿಲ್ಲೆಯನ್ನು ನೋಡಿರಲಾರರು, ಆದರೆ ನಮಗಾಗಿ ಬರೆದಿರುವುದು ಆ ಪಟ್ಟಿಯೇ, ಮೊದಲನೆಯದಲ್ಲ. ಏರ್ ಫಿಲ್ಟರನ್ನು ನಾನು ಈಗ ಎರಡು ತಿಂಗಳಿಗೊಮ್ಮೆ ತೆಗೆದು ನೋಡುತ್ತೇನೆ. ನಾಲ್ಕು ಕ್ಲಿಪ್ಪು, ಐದು ನಿಮಿಷ. ಹವಾ ಹೊಡೆಯುವುದಾದರೆ ಒಳಮೈಯಿಂದ ಹೊರಕ್ಕೆ, ಅದೂ ದೂರದಿಂದ. ಬೆಳಕಿಗೆ ಹಿಡಿದಾಗ ಹೊಳಪು ಕಾಣದಿದ್ದರೆ ಹೊಸದು ಹಾಕುವುದೇ ಲೇಸು. ಎಸಿಯ ಗಾಳಿ ಕುಂದಿದರೆ ಗ್ಯಾಸ್ ಹೋಗಿದೆ ಎಂದು ಓಡುವ ಮೊದಲು ಗ್ಲೋವ್ ಬಾಕ್ಸಿನ ಹಿಂದಿರುವ ಕ್ಯಾಬಿನ್ ಫಿಲ್ಟರನ್ನು ನೋಡಿ. ನನ್ನದರಲ್ಲಿ ಒಮ್ಮೆ ಇಡೀ ಬೇವಿನ ಟೊಂಗೆಯ ಎಲೆಗಳಷ್ಟು ಕಸವಿತ್ತು.

ಬ್ಯಾಟರಿಯ ವಿಷಯದಲ್ಲಿ ನಮ್ಮ ಬಿಸಿಲು ಒಂದು ಕುಟಿಲತನ ಮಾಡುತ್ತದೆ. ಅದನ್ನು ಕೆಡಿಸುವುದು ಏಪ್ರಿಲ್ ಮೇ ತಿಂಗಳ ಸೆಕೆ, ಕೆಟ್ಟದ್ದು ಬಯಲಾಗುವುದು ಡಿಸೆಂಬರಿನ ಮುಂಜಾನೆ ಸೆಲ್ಫ್ ಹೊಡೆದಾಗ. ಹಾಗಾಗಿ ಎಲ್ಲರೂ ಚಳಿಯನ್ನು ಬೈಯುತ್ತಾರೆ. ಬಿಸಿಗೆ ಒಳಗಿನ ನೀರು ಆರುತ್ತದೆ, ಸೀಸದ ಹಲಗೆಗಳು ಬೇಗ ಸವೆಯುತ್ತವೆ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಒಂದನ್ನು ಕೊಂಡರೆ ಊಹೆಯ ಮಾತೇ ಬೇಡ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟಿನ ಆಸುಪಾಸಿನಲ್ಲಿದ್ದರೆ ಪೂರ್ತಿ ಚಾರ್ಜಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆ ಎಂದು ತಿಳಿಯಬೇಕು. ನನ್ನದರಂಥ ಹಳೆಯ ಕಾರಿನಲ್ಲಿ ಎಂಜಿನ್ ಓಡುತ್ತಿರುವಾಗ ಸುಮಾರು 13.8ರಿಂದ 14.5ರ ನಡುವೆ ತೋರಿಸದಿದ್ದರೆ ದೋಷ ಬ್ಯಾಟರಿಯದ್ದಲ್ಲದೆ, ಅದಕ್ಕೆ ಚಾರ್ಜ್ ತುಂಬುವ ಆಲ್ಟರ್ನೇಟರಿನದ್ದೂ ಆಗಿರಬಹುದು. ನೀರು ಕಡಿಮೆಯಾದಾಗ ಸೇರಿಸಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ, ಆ್ಯಸಿಡ್ ಅಲ್ಲ.

ಆ್ಯಸಿಡ್ ಎಂದಾಗ ನಮ್ಮ ಅಂಗಳದ ಕಲೆಯ ಕಥೆ ಹೇಳಲೇಬೇಕು. ಟರ್ಮಿನಲ್ಲುಗಳ ಮೇಲೆ ಕೂತ ಹಸಿರುಬಿಳಿ ಪುಡಿಯನ್ನು ತೊಳೆಯಲು ಬ್ಯಾಟರಿಯನ್ನು ಹೊರಗೆ ತೆಗೆದಿದ್ದೆ. ಮೈನಸ್ ತಂತಿಯನ್ನು ಮೊದಲು ಬಿಚ್ಚಿ ಕೊನೆಗೆ ಜೋಡಿಸಬೇಕು ಎಂಬುದೆಲ್ಲ ನೆನಪಿತ್ತು, ಅದರ ಭಾರ ಮಾತ್ರ ನೆನಪಿರಲಿಲ್ಲ. ಇಡುವಾಗ ವಾಲಿ, ಮುಚ್ಚಳದ ಸಂದಿನಿಂದ ನಾಲ್ಕು ಹನಿ ಪರಸಿಯ ಮೇಲೆ ಬಿದ್ದು ಬುಸುಬುಸು ನೊರೆಯೆದ್ದಿತು. ಗಾಬರಿಯಿಂದ ಅಡುಗೆ ಸೋಡಾ ತರಲು ಒಳಗೆ ಓಡಿದೆ. ಬರುವಷ್ಟರಲ್ಲಿ ನೊರೆ ನಿಂತಿತ್ತು. ಸೋಡಾ ಮಾಡಬೇಕಾದ ಕೆಲಸವನ್ನು ಕಲ್ಲೇ ಮಾಡಿ ಮುಗಿಸಿತ್ತು, ಏಕೆಂದರೆ ಸುಣ್ಣಕಲ್ಲು ಆ್ಯಸಿಡ್ಡನ್ನು ತಿಂದು ತಾನೂ ಸವೆಯುತ್ತದೆ. ಅಲ್ಲಿ ಉಳಿದ ಬಿಳಿಯ ಒರಟು ಮಚ್ಚೆಯನ್ನು ತಾಯಿ ಇಂದಿಗೂ ಬಂದವರಿಗೆಲ್ಲ ತೋರಿಸುತ್ತಾರೆ. ನನ್ನ ಹತ್ತಿಯ ಸಲ್ವಾರಿನ ತೂತುಗಳು ಮುಂದಿನ ಒಗೆತದಲ್ಲಿ ಕಂಡವು. ಈಗ ಕನ್ನಡಕ, ರಬ್ಬರ್ ಕೈಗವಸು ಹಾಕಿಕೊಂಡು, ಬ್ಯಾಟರಿಯನ್ನು ಹಳೆಯ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಡುತ್ತೇನೆ, ಬಿಸಿನೀರಿನಲ್ಲಿ ಸೋಡಾ ಕಲಸಿ ಟರ್ಮಿನಲ್ ತೊಳೆದು, ಒಣಗಿಸಿ, ಬಿಗಿದ ಮೇಲೆ ವ್ಯಾಸಲೀನ್ ಸವರುತ್ತೇನೆ.

ಅದೇ ಪರಸಿ ಜಾಕಿನ ವಿಷಯದಲ್ಲೂ ಪಾಠ ಕಲಿಸಿದೆ. ಮರಳಿನ ಮೇಲೆ ಹಾಸಿದ ಕಲ್ಲಿನಡಿ ಟೊಳ್ಳಿದ್ದರೆ, ಜಾಕಿನ ಚಿಕ್ಕ ಪಾದದಡಿ ಕಾರಿನ ಆ ಮೂಲೆಯ ಭಾರವೆಲ್ಲ ಬಂದಾಗ ಅದು ಹಪ್ಪಳದಂತೆ ಒಡೆಯುತ್ತದೆ. ನಮ್ಮಲ್ಲಿ ಒಡೆದಾಗ ಚಕ್ರ ಇನ್ನೂ ಕಳಚಿರಲಿಲ್ಲ ಎಂಬುದಷ್ಟೇ ಪುಣ್ಯ. ಕೆಳಗೆ ದಪ್ಪ ಹಲಗೆ ಕೊಟ್ಟು, ಎದುರು ಬದಿಯ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು ನಂತರ ಎತ್ತುವುದು. ಕಾರಿನ ಜೊತೆ ಬಂದ ಜಾಕು ಸ್ಟೆಪ್ನಿ ಬದಲಿಸಲು ಮಾತ್ರ ಇರುವುದು, ಅದನ್ನು ನಂಬಿ ಕಾರಿನಡಿ ತಲೆ ಹಾಕಬಾರದು.

ಟೈರಿನ ಬಗ್ಗೆ ಒಂದು ತಕರಾರಿದೆ. ಬೇಸಿಗೆ ಬಂದೊಡನೆ ಹವಾ ಕಡಿಮೆ ಇಡಿ, ಇಲ್ಲದಿದ್ದರೆ ಒಡೆಯುತ್ತದೆ ಎಂದು ಪಂಕ್ಚರ್ ಅಂಗಡಿಯಿಂದ ಹಿಡಿದು ಕಚೇರಿಯ ಸಹೋದ್ಯೋಗಿಗಳವರೆಗೆ ಎಲ್ಲರೂ ಹೇಳುತ್ತಾರೆ. ನಡೆಯುವುದು ಇದಕ್ಕೆ ವಿರುದ್ಧ. ಹವಾ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಬಾಗಿ ಏಳುತ್ತದೆ, ಬಾಗಿದಷ್ಟೂ ಕಾಯುತ್ತದೆ, ಒಡೆಯುವುದು ಆ ಕಾವಿಗೆ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುವ ಒತ್ತಡ ತಣ್ಣಗಿನ ಟೈರಿನದು. ಬೆಳಿಗ್ಗೆ ಓಡಿಸುವ ಮುನ್ನ ಅಷ್ಟು ತುಂಬಿಸಿದರೆ, ದಾರಿಯಲ್ಲಿ ನಾಲ್ಕೈದು ಪಾಯಿಂಟ್ (ಪಿಎಸ್‌ಐ) ಏರುವುದನ್ನು ತಯಾರಿಸಿದವರು ಲೆಕ್ಕ ಹಿಡಿದೇ ಇರುತ್ತಾರೆ. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು.

ಬ್ರೇಕು, ಎಸಿ ಗ್ಯಾಸು, ಏರ್‌ಬ್ಯಾಗಿನ ತಂತಿಗಳ ತಂಟೆಗೆ ನಾನು ಹೋಗುವುದಿಲ್ಲ. ಎಂಜಿನ್ ಆಯಿಲ್ ಬದಲಿಸಲು ಬರುತ್ತದೆ, ಆದರೆ ಹಳೆಯ ಆಯಿಲನ್ನು ಚರಂಡಿಗೆ ಸುರಿಯಲು ಮನಸ್ಸಿಲ್ಲದ ಕಾರಣ ಅದನ್ನು ಚಾಚಾ ಅವರಿಗೇ ಬಿಟ್ಟಿದ್ದೇನೆ. ಅವರು ಪಕ್ಕದಲ್ಲಿ ಇಟ್ಟುಕೊಂಡ ಡ್ರಮ್ಮಿಗೆ ಸುರಿದು ಸಂಗ್ರಹಿಸುವವರಿಗೆ ಕೊಡುತ್ತಾರೆ.

ಕಳೆದ ವಾರ ಬಾನೆಟ್ ತೆರೆದು ರೇಡಿಯೇಟರಿನ ಮೇಲಿನ ಹೋಸನ್ನು ಹಿಸುಕಿ ನೋಡಿದಾಗ ಅದು ಮಾಗಿದ ಬಾಳೆಹಣ್ಣಿನಂತೆ ಮೆತ್ತಗಾಗಿತ್ತು, ಕ್ಲಿಪ್ಪಿನ ಬಳಿ ಕೂದಲೆಳೆಯ ಬಿರುಕೂ ಇತ್ತು. ಕಾರಿಗೆ ಹನ್ನೊಂದು ವರ್ಷ, ಹೋಸಿಗೂ ಅಷ್ಟೇ. ಹೊಸ ಹೋಸು, ಎರಡು ಕ್ಲಿಪ್ಪು, ಒಂದು ಲೀಟರ್ ಕೂಲಂಟ್ ತಂದಿಟ್ಟಿದ್ದೇನೆ. ಎಂಟೂವರೆಯ ನಂತರ ನಮ್ಮ ಅಂಗಳದ ಕಲ್ಲಿನ ಮೇಲೆ ಮೊಣಕಾಲೂರಲು ಆಗುವುದಿಲ್ಲವಾದ್ದರಿಂದ, ಭಾನುವಾರ ಬೆಳಿಗ್ಗೆ ಆರಕ್ಕೆ ಕೆಲಸ ಹಿಡಿಯಬೇಕು. ಟಾರ್ಚ್ ಹಿಡಿಯಲು ತಂದೆಯವರು ಒಪ್ಪಿದ್ದಾರೆ, ಮುಚ್ಚಳಕ್ಕೆ ಕೈ ಹಾಕುವುದಿಲ್ಲ ಎಂದೂ ಹೇಳಿದ್ದಾರೆ.