ಬಲ ಕ್ಲಿಕ್ಕಿನ ಮೆನು

ಉಡುಪಿಯ ರಥಬೀದಿಯ ಸಮೀಪ ನಾನು ಕೆಲಸ ಮಾಡುವ ಡಿಟಿಪಿ ಅಂಗಡಿಯಲ್ಲಿ ಯಕ್ಷಗಾನದ ಕರಪತ್ರದಿಂದ ಹಿಡಿದು ಮದುವೆಯ ಕಾಗದದವರೆಗೆ ಎಲ್ಲವೂ ಬಲ ಕ್ಲಿಕ್ಕಿನ ಮೆನುವನ್ನೇ ನೆಚ್ಚಿಕೊಂಡಿವೆ. ಫೈಲಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದೊಡನೆ ಆ ಫೈಲಿಗೆ ಸಲ್ಲುವ ಆಜ್ಞೆಗಳಷ್ಟೇ ಕರ್ಸರ್ ಇದ್ದಲ್ಲಿಯೇ ತೆರೆದುಕೊಳ್ಳುವುದರಿಂದ, ಕೈ ಪರದೆಯ ಮೇಲ್ತುದಿಯವರೆಗೆ ಹೋಗಬೇಕಾಗಿಲ್ಲ.

1970ರ ದಶಕದಲ್ಲಿಯೇ ಜೆರಾಕ್ಸ್ ಕಂಪನಿಯ ಪಾರ್ಕ್ (PARC) ಎಂಬ ಸಂಶೋಧನಾ ಕೇಂದ್ರದ ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಯಲ್ಲಿ ಇಂತಹ ಮೆನುಗಳಿದ್ದವು. ಅವುಗಳನ್ನು ಮನೆಮಾತಾಗಿಸಿದ್ದು ವಿಂಡೋಸ್ 95. ಒಂದೇ ಗುಂಡಿಯ ಮೌಸನ್ನು ಬಿಡದ ಆಪಲ್, 1997ರ ಮ್ಯಾಕ್ ಓಎಸ್ 8ರಲ್ಲಿ ಕಂಟ್ರೋಲ್ ಕೀಲಿಯೊಡನೆ ಕ್ಲಿಕ್ ಮಾಡಿ ಈ ಮೆನುವನ್ನು ಪಡೆಯುವ ದಾರಿಯನ್ನು ತೆರೆಯಿತು.

ತೊಡಕು ಶುರುವಾಗುವುದು ಹೊರಗಿನ ತಂತ್ರಾಂಶಗಳಿಂದ. ಜಿಪ್ ಮಾಡುವುದು, ಆಂಟಿವೈರಸ್, ಕ್ಲೌಡ್ ಸಂಗ್ರಹ ಹೀಗೆ ಪ್ರತಿಯೊಂದೂ ತನ್ನದೊಂದು ಸಾಲನ್ನು ಸೇರಿಸುತ್ತದೆ; ಇವುಗಳಲ್ಲಿ ಹಲವು, ವಿಂಡೋಸ್‌ನಲ್ಲಿ ಫೈಲುಗಳನ್ನು ತೋರಿಸುವ ಎಕ್ಸ್‌ಪ್ಲೋರರ್‌ನ ಒಳಗೇ ಓಡುವುದರಿಂದ, ಒಂದು ತಡವರಿಸಿದರೂ ಇಡೀ ಮೆನು ತೆರೆಯಲು ತಡವಾಗುತ್ತದೆ. 2021ರಲ್ಲಿ ಬಂದ ವಿಂಡೋಸ್ 11 ಈ ಪಟ್ಟಿಯನ್ನು ಮೊಟಕುಗೊಳಿಸಿ, ಹಳೆಯದನ್ನು 'ಶೋ ಮೋರ್ ಆಪ್ಶನ್ಸ್' ಎಂಬ ಸಾಲಿನ ಹಿಂದೆ ಸರಿಸಿತು. ಅದು ಸರಿಯೇ, ಆದರೆ ಕಟ್, ಕಾಪಿ, ರಿನೇಮ್‌ಗಳನ್ನು ಹೆಸರಿಲ್ಲದ ಪುಟ್ಟ ಚಿತ್ರಗಳಾಗಿಸಿದ್ದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ವಿಂಡೋಸ್ 11ರದೇ 2024ರ 24ಎಚ್2 ಆವೃತ್ತಿಯಲ್ಲಿ ಅವಕ್ಕೆ ಹೆಸರುಗಳು ಬಂದವು.

ಬಲ ಕ್ಲಿಕ್ ಮಾಡಬಹುದೆಂಬ ಸುಳಿವನ್ನು ಪರದೆ ಎಲ್ಲಿಯೂ ಕೊಡುವುದಿಲ್ಲವಾದ್ದರಿಂದ, ಮುಖ್ಯ ಆಜ್ಞೆಯೊಂದು ಈ ಮೆನುವಿನಲ್ಲಿ ಮಾತ್ರ ಇರುವಂತೆ ತಂತ್ರಾಂಶ ರೂಪಿಸುವುದು ತರವಲ್ಲ. ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ತೋರಿಸುವುದೇ ಶಿಫ್ಟ್ ಹಿಡಿದು ಬಲ ಕ್ಲಿಕ್ ಮಾಡುವುದನ್ನು. ಹಳೆಯ ಉದ್ದನೆಯ ಪಟ್ಟಿ ನೇರವಾಗಿ ತೆರೆಯುತ್ತದೆ.