ಯಾವ ಮೆಕ್ವೀನ್?

14 ಮಾರ್ಚ್ 2025, ಶುಕ್ರವಾರ

ಸಿನಿಮಾ ಅಥವಾ ಚಿತ್ರಕಲೆಯ ಯಾದಿ ಮಾಡುವಾಗ ಹೆಸರಿನ ಕೆಳಗೆ ಕೃತಿಗಳನ್ನು ಪೇರಿಸುತ್ತ ಹೋದರೆ ಗೋಜಲು ಖಂಡಿತ. ಮೊದಲು ವ್ಯಕ್ತಿಗೊಂದು ಸಂಖ್ಯೆ, ಆಮೇಲೆ ಹೆಸರು.

ಸ್ಟೀವ್ ಮೆಕ್ವೀನ್ ಇಬ್ಬರಿದ್ದಾರೆ. ‘ಬುಲಿಟ್’ (1968) ಚಿತ್ರದ ಅಮೆರಿಕನ್ ನಟ, 1930–1980. ಇನ್ನೊಬ್ಬರು 1969ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. 1999ರಲ್ಲಿ ಬ್ರಿಟನ್ನಿನ ಕಲಾ ಗೌರವವಾದ ಟರ್ನರ್ ಪ್ರಶಸ್ತಿ ಪಡೆದ ಕಲಾವಿದ, ‘12 ಇಯರ್ಸ್ ಎ ಸ್ಲೇವ್’ (2013) ನಿರ್ದೇಶಿಸಿದವರು. ಒಬ್ಬರು ನಟ, ಇನ್ನೊಬ್ಬರು ನಿರ್ದೇಶಕ ಎಂದು ಬಿಡಿಸಿಬಿಡಬಹುದಲ್ಲ ಅನ್ನಿಸುತ್ತದೆ. ಆಗುವುದಿಲ್ಲ. ‘ಡೆಡ್‌ಪ್ಯಾನ್’ (1997) ಎಂಬ, ಗ್ಯಾಲರಿಯಲ್ಲಿ ತೋರಿಸುವ ಕಿರುಚಿತ್ರದಲ್ಲಿ ಮನೆಯ ಮುಂಗೋಡೆ ಕುಸಿಯುವಾಗ ಕಿಟಕಿಯ ಜಾಗದಲ್ಲಿ ಅಲುಗದೆ ನಿಂತಿರುವುದು ಲಂಡನ್ನಿನ ಮೆಕ್ವೀನೇ. ‘ನಟ’ ಎಂಬ ಕಾಲಮ್ಮಿನಲ್ಲಿ ಇಬ್ಬರೂ ಬರುತ್ತಾರೆ. ಹುಟ್ಟಿದ ವರ್ಷವನ್ನೇ ನೆಚ್ಚಿಕೊಳ್ಳಬೇಕು.

ಆ ದೃಶ್ಯ ಮೂಕಿಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ 1928ರಲ್ಲಿ ಮಾಡಿದ್ದರ ಮರುರೂಪ. ಕೀಟನ್ ಎಂದರೆ ಇಂದಿನ ನಟ ಮೈಕಲ್ ಕೀಟನ್ ನೆನಪಾಗುತ್ತಾರೆ. ಅವರ ಹುಟ್ಟುಹೆಸರು ಮೈಕಲ್ ಡಗ್ಲಾಸ್! ಆ ಹೆಸರಿನಲ್ಲಿ ಆಗಲೇ ಒಬ್ಬ ನಟ ಇದ್ದುದರಿಂದ ಬದಲಿಸಿಕೊಂಡರು. ಹುಟ್ಟುಹೆಸರಿಗೆ ಬೇರೆಯೇ ಕಾಲಮ್ ಇಡಿ, ಹುಡುಕುವ ಹೆಸರಿನ ಜತೆ ಬೆರೆಸಬೇಡಿ.

ಸಂಖ್ಯೆ ಎಲ್ಲಿಂದ ತರುವುದು? ಕಲಾವಿದರಿಗೆ ಅಮೆರಿಕದ ಗೆಟ್ಟಿ ಕಲಾ ಸಂಸ್ಥೆಯ ಯುಲಾನ್ (ULAN) ಎಂಬ ಕಲಾವಿದರ ಹೆಸರುಗಳ ಪಟ್ಟಿ ಒಳ್ಳೆಯದು. ಅಲ್ಲಿನ ಸಂಖ್ಯೆ 500ರಿಂದ ಶುರುವಾಗುತ್ತದೆ, ಒಟ್ಟು ಒಂಬತ್ತು ಅಂಕಿ. ಸಿನಿಮಾದವರಿಗೆ ಐಎಂಡಿಬಿ (IMDb) ಎಂಬ ಸಿನಿಮಾ ಮಾಹಿತಿ ಜಾಲತಾಣದಲ್ಲಿ ಅವರ ಪುಟದ ವಿಳಾಸದಲ್ಲಿ ‘ಎನ್‌ಎಂ’ ಆದಮೇಲೆ ಬರುವ ಅಂಕಿಗಳು. ಎರಡೂ ಕಡೆ ಕೆಲಸ ಮಾಡಿದವರಿಗೆ ಎರಡನ್ನೂ ಬರೆಯಿರಿ.

ನಿಜವಾಗಿ ಕಾಡುವವರು ಫ್ಲೆಮಿಶ್ ಚಿತ್ರಕಾರರಾದ ಬ್ರೂಗೆಲ್ ಮನೆಯವರು. ತಂದೆ ಪೀಟರ್ 1559ರ ಸುಮಾರಿಗೆ ಸಹಿಯಿಂದ ‘ಎಚ್’ ಅಕ್ಷರ ಬಿಟ್ಟ, 1569ರಲ್ಲಿ ತೀರಿಕೊಂಡ. ಮಗನೂ ಪೀಟರನೇ, ಅವನು ‘ಎಚ್’ ಉಳಿಸಿಕೊಂಡ. ಸಾಲದ್ದಕ್ಕೆ ಅಪ್ಪನ ಚಿತ್ರಗಳ ನಕಲುಗಳನ್ನೇ ತನ್ನ ಕಾರ್ಯಾಗಾರದಲ್ಲಿ ಹೇರಳವಾಗಿ ಮಾಡಿಸಿದ. ಹೆಸರೂ ಒಂದೇ, ಚಿತ್ರದ ವಸ್ತುವೂ ಒಂದೇ. ಇಲ್ಲಿ ಸಹಿಯೇ ಆಧಾರ: ಮಗ 1616ರ ಸುಮಾರಿನವರೆಗೆ ‘ಯು’ ಮೊದಲು, ‘ಇ’ ನಂತರ (Brueghel) ಬರೆದ, ಆಮೇಲೆ ಆ ಎರಡನ್ನು ಅದಲುಬದಲು ಮಾಡಿದ. ಹಾಗಾಗಿ ಮಗನ ಚಿತ್ರದ ಕಾಲವನ್ನೂ ಸಹಿಯಿಂದ ಅಂದಾಜಿಸಬಹುದು. ಕನ್ನಡದಲ್ಲಿ ಬರೆದರೆ ಈ ವ್ಯತ್ಯಾಸವೆಲ್ಲ ಒಂದೇ ‘ಬ್ರೂಗೆಲ್’ ಆಗಿ ಅಳಿಸಿಹೋಗುತ್ತದೆ. ಅದಕ್ಕೇ ಮೂಲ ಲಿಪಿಯ ಸಹಿಯನ್ನು ಇದ್ದಂತೆಯೇ ಇನ್ನೊಂದು ಕಾಲಮ್ಮಿನಲ್ಲಿ ಇಡಬೇಕು.

ಫ್ರೆಂಚ್ ಚಿತ್ರಕಾರರಾದ ಮಾನೆ, ಮೋನೆ ಹೆಸರುಗಳ ಗೊಂದಲ ಅವರ ಕಾಲದಲ್ಲೇ ಆಗಿತ್ತು. 1865ರ ಪ್ಯಾರಿಸ್ ಸಲೋನ್ ಎಂಬ ಕಲಾಪ್ರದರ್ಶನದಲ್ಲಿ ಮೋನೆಯ ಕಡಲ ಚಿತ್ರಗಳಿಗೆ ಬಂದ ಹೊಗಳಿಕೆ ಮಾನೆಯ ಪಾಲಾಯಿತು. ಇಂಥವರಿಗೆ ಹುಟ್ಟಿದ ವರ್ಷ ಸಾಕು: 1832, 1840. ಜಪಾನಿನ ನಿರ್ದೇಶಕರಾದ ಅಕಿರಾ ಕುರೊಸಾವಾ, ಕಿಯೊಶಿ ಕುರೊಸಾವಾ ಬಂಧುಗಳಲ್ಲ. ನಟಿಯರಾದ ಕ್ಯಾಥರೀನ್, ಆಡ್ರೀ ಹೆಪ್‌ಬರ್ನ್ ಕೂಡ ಅಲ್ಲ. ‘ಸಂಬಂಧ’ ಕಾಲಮ್ಮನ್ನು ಅಡ್ಡಹೆಸರು ನೋಡಿ ತುಂಬಬೇಡಿ.

ಸಂಶಯ ಇದ್ದರೆ ಎರಡು ದಾಖಲೆಗಳಾಗಿಯೇ ಬಿಡಿ. ಆಮೇಲೆ ಕೂಡಿಸುವುದು ಸುಲಭ. ಒಮ್ಮೆ ಕೂಡಿಸಿದ್ದನ್ನು ಬಿಡಿಸಲು ಕೃತಿ ಕೃತಿಯನ್ನೂ ಮತ್ತೆ ನೋಡಬೇಕು. ಕೂಡಿಸುವಾಗಲೂ ಹಳೆಯ ಸಂಖ್ಯೆ ಅಳಿಸದೆ, ಅದರಿಂದ ಹೊಸದಕ್ಕೆ ಕೊಂಡಿ ಹಾಕಿ.